ನಿಮ್ಮನ್ನು ನೀವು ಪ್ರೀತಿಸಿ, ಶುಕ್ರವಾರದೊಳಗೆ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಈಗ ಆರೋಗ್ಯದ ಸುಗ್ಗಿ. ಎಚ್‌ಆರ್ ಕಡೆಯಿಂದ ಮೇಲ್ ಬರುತ್ತದೆ: "ನಿಮ್ಮನ್ನು ನೀವು ಪ್ರೀತಿಸಿ. ದಿನಕ್ಕೆ 10,000 ಹೆಜ್ಜೆ ನಡೆಯಿರಿ. ಶುಕ್ರವಾರ ಸಂಜೆ 5ರೊಳಗೆ ಸ್ಕ್ರೀನ್‌ಶಾಟ್ ಕಳಿಸಿ. ಕಳಿಸದವರ ಪಟ್ಟಿ ಮ್ಯಾನೇಜರ್‌ಗೆ ಹೋಗುತ್ತದೆ." ಪ್ರೀತಿ ಅಂದ್ರೆ ಹೀಗಿರಬೇಕು, ಅಲ್ವಾ? ಜೊತೆಗೊಬ್ಬ ಮ್ಯಾನೇಜರ್ ಇರಬೇಕು.

ಈ 10,000 ಬಂದದ್ದಾದರೂ ಎಲ್ಲಿಂದ? 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ದುಂಡಗಿನ ಸಂಖ್ಯೆ, ಬಾಯಲ್ಲಿ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಬಿರುಸಾಗಿ ನಡೆದಷ್ಟು ಶ್ರಮ. ಹೆಜ್ಜೆಯ ಮಾತೇ ಇಲ್ಲ. ಆದರೆ ನಿಮಿಷಕ್ಕೆ ರ‍್ಯಾಂಕ್ ಪಟ್ಟಿ ಮಾಡಿದರೆ ಮಜಾ ಇರುವುದಿಲ್ಲ.

ರ‍್ಯಾಂಕ್ ಬಂದ ಮೇಲೆ ನಮ್ಮವರನ್ನು ಕೇಳಬೇಕೇ? ಸಿಇಟಿ ಬರೆದು ಬಂದ ಜನ. ಒಬ್ಬರು ಫೋನನ್ನು ಮಗಳ ಜೇಬಿಗಿಟ್ಟು ಕುಂಟೆಬಿಲ್ಲೆ ಆಡಲು ಕಳಿಸುತ್ತಾರೆ. ಇನ್ನೊಬ್ಬರು ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ವಾಚು ಕಟ್ಟಿದ ಕೈಯನ್ನು ಸುಮ್ನೆ ಬೀಸುತ್ತಾ ಕೂತಿರುತ್ತಾರೆ. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಕೂತವರು ಪಾಪ ಇನ್ನೇನು ಮಾಡಿಯಾರು? ಇಳಿದು ನಡೆಯೋಣ ಅಂದ್ರೆ ಫುಟ್‌ಪಾತಿನ ಮೇಲೆ ಬೈಕುಗಳು ಬರುತ್ತವೆ. ಗೆದ್ದವರಿಗೆ ಬಹುಮಾನ, ಪಿಜ್ಜಾ ಕೂಪನ್.

ಅತ್ತ ಲಾಲ್‌ಬಾಗಿನಲ್ಲಿ ಬೆಳಗ್ಗೆ ನೋಡಿ. ರಿಟೈರಾದ ಹಿರಿಯರು ಮಂಕಿ ಕ್ಯಾಪ್ ಹಾಕಿಕೊಂಡು, ಸರ್ಕಾರವನ್ನು ಬೈಯುತ್ತಾ ಕೆರೆ ಸುತ್ತುತ್ತಾರೆ. ಸೊಸೆಯ ದೂರು, ಮಗನ ವೀಸಾ, ಮಂಡಿನೋವು ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಆಮೇಲೆ ಮಾವಳ್ಳಿ ಕಡೆಗೆ ಹೋಗಿ ಬಿಸಿ ಇಡ್ಲಿ, ಕಾಫಿ. ಎಷ್ಟು ಹೆಜ್ಜೆಯಾಯಿತೋ ಅವರಿಗೇ ಗೊತ್ತಿಲ್ಲ. ನಾಳೆ ಯಾಕೆ ಬರುತ್ತೀರಿ ಅಂತ ಕೇಳಿದರೆ, "ಇವತ್ತು ಮಾತು ಮುಗಿದಿಲ್ಲವಲ್ಲ" ಅನ್ನುತ್ತಾರೆ. ಸ್ಕ್ರೀನ್‌ಶಾಟ್ ಇಲ್ಲದ ಕಾರಣ ಎಚ್‌ಆರ್ ಲೆಕ್ಕದಲ್ಲಿ ಇವರು ನಡೆದೇ ಇಲ್ಲ.

ಮುಂದಿನ ತಿಂಗಳು ನಿದ್ರೆ ಅಭಿಯಾನವಂತೆ. ಎಲ್ಲರೂ ಎಂಟು ಗಂಟೆ ನಿದ್ದೆ ಮಾಡಲೇಬೇಕು. ಹೇಗೆ ಮಾಡಬೇಕು ಅಂತ ವಿವರಿಸಲು ಅಮೆರಿಕದ ತಂಡದ ಜೊತೆ ಮೀಟಿಂಗ್ ಇಟ್ಟಿದ್ದಾರೆ, ರಾತ್ರಿ ಹನ್ನೊಂದೂವರೆಗೆ.