ಹತ್ತಿ ಕ್ಯಾಂಡಿ ಜಾತ್ರೆ

ಮೂರನೇ ಕ್ಲಾಸಿನಿಂದಲೇ ಎಐ ಪಾಠವಂತೆ. 2026-27ರಿಂದ. ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದ ಮೇಲೆ ಮುಗಿಯಿತು, ಸಂತೋಷ. ಆ ವಯಸ್ಸಿನಲ್ಲಿ ನಾವು ಒತ್ತಕ್ಷರದ ಜೊತೆ ಗುದ್ದಾಡುತ್ತಿದ್ದೆವು. ಈಗಿನ ಮಕ್ಕಳು ಚುರುಕು ಬಿಡಿ.

ಎಷ್ಟು ಚುರುಕು ಅಂದರೆ, ಆರನೇ ಕ್ಲಾಸಿನ ನನ್ನ ತಂಗಿ ಮಗಳು 'ನಮ್ಮೂರ ಜಾತ್ರೆ' ಪ್ರಬಂಧವನ್ನು ಅಮ್ಮನ ಫೋನಿನ ಎಐ ಕೈಲಿ ಬರೆಸಿದಳು. ನನಗೂ ಓದಿ ಹೇಳಿದಳು. ಅದರಲ್ಲಿ 'ದೈತ್ಯ ಚಕ್ರದ ಸವಾರಿ' ಇತ್ತು. ಮಕ್ಕಳು ಸಾಲಾಗಿ ನಿಂತು 'ಹತ್ತಿ ಕ್ಯಾಂಡಿ' ಸವಿಯುತ್ತಿದ್ದರು. ಹತ್ತಿ ಕ್ಯಾಂಡಿ! ಬೊಂಬಾಯಿ ಮಿಠಾಯಿ ಮಾರುವವನು ಇದನ್ನು ಕೇಳಿದ್ದರೆ ಗಂಟೆ ಬಿಸಾಕಿ ಊರು ಬಿಡುತ್ತಿದ್ದ. ಬೆಂಡು ಬತ್ತಾಸು ಇಲ್ಲ, ಕಡ್ಲೆಪುರಿ ಇಲ್ಲ. ತೇರಿಗೆ ದವನ, ಬಾಳೆಹಣ್ಣು ಎಸೆಯುವವರಿಲ್ಲ. ಎಸೆಯೋಣವೆಂದರೆ ತೇರೇ ಇಲ್ಲ. 'ಸಮುದಾಯದ ಭಾವನೆ' ಮಾತ್ರ ಮೂರು ಸಲ ಇತ್ತು. ಹತ್ತಕ್ಕೆ ಒಂಬತ್ತು ಬಂತು.

ಪಕ್ಕದ ಡೆಸ್ಕಿನ ಹುಡುಗ ಸ್ವಂತ ಬರೆದಿದ್ದನಂತೆ. ಜಾತ್ರೆಯಲ್ಲಿ ನನ್ನ ಚಪ್ಪಲಿ ಕಳೆದುಹೋಯಿತು, ಅಜ್ಜಿ ಬೈದಳು, ಆಮೇಲೆ ಅಜ್ಜಿಯದೂ ಕಳೆದುಹೋಯಿತು. ಅವನಿಗೆ ನಾಲ್ಕು. ಕಾಗುಣಿತ ತಪ್ಪು.

ಮೇಷ್ಟ್ರು ಪತ್ತೆ ಹಚ್ಚಬಾರದಿತ್ತಾ ಅಂತ ಕೇಳಬೇಡಿ. 2023ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ಮೇಷ್ಟ್ರು ಪತ್ತೆದಾರಿಕೆಗೆ ಇಳಿದಿದ್ದರು. ವಿದ್ಯಾರ್ಥಿಗಳ ಬರಹವನ್ನೆಲ್ಲ ಚಾಟ್‌ಜಿಪಿಟಿಗೆ ಹಾಕಿ, 'ಇದು ನೀನೇ ಬರೆದದ್ದಾ?' ಎಂದು ಅದನ್ನೇ ಕೇಳಿದರು. ಹೂಂ ಅಂದಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಅದರ ಗುಣ, ಹೊಸ ಅಳಿಯನ ಥರ. ಮಕ್ಕಳ ಅಂಕಗಳು ತಡೆಹಿಡಿದು ನಿಂತವು. ಯಾರೋ ಕಿಲಾಡಿಗಳು ಆ ಮೇಷ್ಟ್ರದೇ ಪಿಎಚ್‌ಡಿ ಪ್ರಬಂಧದ ತುಂಡೊಂದನ್ನು ಹಾಕಿ ನೋಡಿದರು. ಅದನ್ನೂ ನಾನೇ ಬರೆದಿರಬಹುದು ಎಂದಿತು.

ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತಾನೇ ಒಂದು ಪತ್ತೆ ಯಂತ್ರವನ್ನೂ ಬಿಟ್ಟಿತ್ತು. ಯಂತ್ರ ಬರೆದ ನೂರರಲ್ಲಿ 26 ಹಿಡಿಯಿತು. ಮನುಷ್ಯರು ಬರೆದ ನೂರರಲ್ಲಿ 9ರ ಮೇಲೆ ಸುಮ್ನೆ ಕಳ್ಳತನ ಹೊರಿಸಿತು. ಆರು ತಿಂಗಳಿಗೆ, 2023ರ ಜುಲೈನಲ್ಲಿ, ಕಂಪನಿಯೇ ಅಂಗಡಿ ಮುಚ್ಚಿತು. ಅಂಜನ ಹಾಕಿ ಕಳ್ಳನನ್ನು ತೋರಿಸುವವನ ಲೆಕ್ಕವೂ ಇದಕ್ಕಿಂತ ವಾಸಿ.

ಹಾಗಂತ ಮೊದಲು ಮಕ್ಕಳೇ ಎಲ್ಲ ಮಾಡುತ್ತಿದ್ದರು ಅಂತ ನಾನು ಸುಳ್ಳು ಹೇಳಲಾರೆ. ನಮ್ಮ ಬೀದಿ ಕೊನೆಯ ಸ್ಟೇಷನರಿ ಅಂಗಡಿಯಲ್ಲಿ ಸೌರಮಂಡಲ ರೆಡಿಮೇಡ್ ಸಿಗುತ್ತದೆ. ಅಟ್ಟದ ಮೇಲೆ ಸಾಲಾಗಿ ಜ್ವಾಲಾಮುಖಿ, ಹೃದಯ, ಮಳೆನೀರು ಕೊಯ್ಲು. ಶನಿಗೆ ಉಂಗುರ ಬೇಕಾದರೆ ಐವತ್ತು ರೂಪಾಯಿ ಜಾಸ್ತಿ. ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಅಪ್ಪಂದಿರು ಅಲ್ಲಿ ಕ್ಯೂ ನಿಲ್ಲುತ್ತಾರೆ, ನಾನೂ ನಿಂತಿದ್ದೇನೆ. ಒಂದು ವರ್ಷ ಗುರು ಗ್ರಹ ಸ್ಕೂಟರಿನಿಂದ ಉರುಳಿ ಮೋರಿಗೆ ಬಿತ್ತು. ಎಂಟು ಗ್ರಹಕ್ಕೂ ಬಹುಮಾನ ಬರುತ್ತಿತ್ತು, ಏಳಕ್ಕೂ ಬಂತು. ಯಾರೂ ಎಣಿಸಲಿಲ್ಲ.

ಆದರೆ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಜಾಸ್ತಿ. 2024-25ರ ಸರ್ಕಾರದ್ದೇ ಲೆಕ್ಕ. ಆ ಒಬ್ಬರೇ ಎಲ್ಲ ಕ್ಲಾಸು ನೋಡಬೇಕು. ಊಟದ ಲೆಕ್ಕ ಬರೆಯಬೇಕು. ನಮ್ಮಲ್ಲಿ 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರಲ್ಲ, ಮಕ್ಕಳಿಗೆ ಸುಸ್ತಾಗಿತ್ತು ಅಂತಲ್ಲ. ಮೇಷ್ಟ್ರುಗಳು ಜಾತಿ ಸಮೀಕ್ಷೆಯ ಫೋನು ಹಿಡಿದು ಮನೆಮನೆ ತಿರುಗುತ್ತಿದ್ದರು. ಅಂಥ ಶಾಲೆಗೆ ಎಐ ಬರುತ್ತದಂತೆ. ಮೊದಲು ಇನ್ನೊಬ್ಬ ಮೇಷ್ಟ್ರನ್ನು ಕೊಡ್ರಪ್ಪಾ. ಮನುಷ್ಯರನ್ನು. ತಿಂಗಳು ತಿಂಗಳು ಸಂಬಳ ಕೊಟ್ಟು. ಚಪ್ಪಲಿ ಕಳೆದುಕೊಂಡ ಹುಡುಗನ ಪ್ರಬಂಧವನ್ನು ಪೂರ್ತಿ ಓದುವಷ್ಟು ಪುರುಸೊತ್ತು ಇರುವವರನ್ನು.

ಮೊನ್ನೆ ಅಂಗಡಿಯವನನ್ನು ವಿಚಾರಿಸಿದೆ. ಎಐ ಬಂತಲ್ಲ, ವ್ಯಾಪಾರಕ್ಕೆ ಏಟು ಬಿತ್ತಾ?

"ಏನಿಲ್ಲ ಸಾರ್. ಅದಕ್ಕೆ ಥರ್ಮೋಕೋಲ್ ಕತ್ತರಿಸೋಕೆ ಬರಲ್ಲ."