ಲವಂಗ ಒಂದು ರಾತ್ರಿಗೆ ಮಾತ್ರ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಏಳು ವರ್ಷ ಆಯ್ತು, ಹಲ್ಲುನೋವು ಅಂದ್ರೇನು ಅಂತ ಸರಿಯಾಗಿ ಗೊತ್ತಾಗಿದ್ದು 2024ರ ನವೆಂಬರ್‌ನಲ್ಲಿ, ಅದೂ ಶನಿವಾರ ರಾತ್ರಿ. ಕೆಳಗಿನ ದವಡೆಹಲ್ಲು, ಮಲಗಿದ್ರೆ ಕಿವಿ ತನಕ ಸಿಡಿಯೋದು, ಎದ್ದು ಕೂತ್ರೆ ಸ್ವಲ್ಪ ಕಮ್ಮಿ, ಹಾಗಾಗಿ ಎರಡು ದಿಂಬು ಒರಗಿಸ್ಕೊಂಡು ಕೂತೇ ಇದ್ದೆ. ಅಜ್ಜಿ ಮಾಡ್ತಿದ್ದದ್ದನ್ನೇ ಮಾಡ್ದೆ, ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದೆ, ಮಸಾಲೆ ಡಬ್ಬಿಯಿಂದ ಎರಡು ಲವಂಗ ತೆಗೆದು ಜಜ್ಜಿ, ಹತ್ತಿಯಲ್ಲಿ ಸುತ್ತಿ ಹಲ್ಲಿನ ಮೇಲೆ ಕಚ್ಚಿಟ್ಕೊಂಡೆ. ಸ್ವಲ್ಪ ಹೊತ್ತಿಗೆ ಆ ಜಾಗ ಮರಗಟ್ಟಿತು.

ಬೆಳಿಗ್ಗೆ ಇಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದ್ರೆ ಮುಖ ಊದಿದ್ಯಾ, ಜ್ವರ ಇದ್ಯಾ, ಎಂಜಲು ನುಂಗೋಕೆ ಕಷ್ಟ ಇದ್ಯಾ, ಬಾಯಿ ತೆಗೆಯೋಕೆ ಕಷ್ಟ ಇದ್ಯಾ ಅಂತ ಒಂದೊಂದೇ ಕೇಳಿದ್ರು. ಯಾವುದೂ ಇಲ್ಲ ಅಂದಿದ್ದಕ್ಕೆ ಸೋಮವಾರಕ್ಕೆ ಟೈಮ್ ಕೊಟ್ರು, ಟ್ರೈನ್‌ನಲ್ಲಿ ಮುಕ್ಕಾಲು ಗಂಟೆ ದೂರದ ಊರಲ್ಲಿ. ಅಲ್ಲೀವರೆಗೂ ಪ್ಯಾರಾಸಿಟಮಾಲ್, ಐಬುಪ್ರೊಫೆನ್. ಐಬುಪ್ರೊಫೆನ್ ಹೊಟ್ಟೆಗೆ ಏನಾದ್ರೂ ತಿಂದ ಮೇಲೇ ತಗೊಳ್ಳಿ, ಹೊಟ್ಟೆಹುಣ್ಣು ಅಥವಾ ಕಿಡ್ನಿ ತೊಂದ್ರೆ ಇದ್ರೆ ಮುಟ್ಟಲೇಬೇಡಿ. ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಇಲ್ಲಿ ಚೀಟಿ ಇಲ್ದೆ ಯಾರೂ ಕೊಡಲ್ಲ, ನಮ್ಮೂರ ಮೆಡಿಕಲ್ ಶಾಪಲ್ಲಿ ಹಲ್ಲುನೋವು ಅಂದ ಕೂಡ್ಲೆ ಸ್ಟ್ರಿಪ್ಪಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡ್ತಾರೆ, ಇದು ಖಂಡಿತ ತಪ್ಪು.

ಸೋಮವಾರ ಡೆಂಟಿಸ್ಟ್ ಹುಳುಕು ಕೆರೆದು ತೆಗೆದು ಟೆಂಪರರಿ ಫಿಲ್ಲಿಂಗ್ ತುಂಬುವಾಗ ಮೂಗಿಗೆ ಬಡಿದಿದ್ದು ಅದೇ ಲವಂಗದ ವಾಸನೆ! ಲವಂಗದೆಣ್ಣೆಯಲ್ಲಿರೋ ಯೂಜಿನಾಲನ್ನ ಜಿಂಕ್ ಆಕ್ಸೈಡ್ ಜೊತೆ ಕಲಸಿ ತುಂಬ್ತಾರಂತೆ. ಅಜ್ಜಿ ನೆನಪಾಗಿ ಕಣ್ಣು ತುಂಬ್ತು. ಖರ್ಚು 26.80 ಪೌಂಡ್.

ನನಗೆ ಎರಡು ದಿನಕ್ಕೆ ಡೆಂಟಿಸ್ಟ್ ಸಿಕ್ತು, ಇಲ್ಲಿ ಎಷ್ಟೋ ಜನಕ್ಕೆ ಸಿಗಲ್ಲ. 2022ರಲ್ಲಿ ಬಿಬಿಸಿ ವಿಚಾರಿಸಿದಾಗ ಹತ್ತರಲ್ಲಿ ಒಂಬತ್ತು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಲ್ಲಿನ ಕ್ಲಿನಿಕ್‌ಗಳು ದೊಡ್ಡವರನ್ನ ಹೊಸದಾಗಿ ಸೇರಿಸ್ಕೊಳ್ತಿರ್ಲಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸಲ್ಲಿ ಒಂದು ಕ್ಲಿನಿಕ್ ಬಾಗಿಲು ತೆಗೆದಿದ್ದಕ್ಕೆ ರಸ್ತೆಯುದ್ದಕ್ಕೂ ಕ್ಯೂ ನಿಂತಿತ್ತು. ಇಂಥ ಕಡೆ ಜನ ಅಂಗಡಿಯಿಂದ ಫಿಲ್ಲಿಂಗ್ ಕಿಟ್ ತಂದು ತಾವೇ ತುಂಬ್ಕೊಳ್ತಾರೆ ಅಂದ್ರೆ ಅವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ.

ಆದ್ರೆ ನಮ್ಮ ಕಡೆ? ತಿಪಟೂರಲ್ಲಿ ಅಪ್ಪನ ಮನೆಯಿಂದ ಕ್ಲಿನಿಕ್‌ಗೆ ಐದು ನಿಮಿಷ ನಡೆದ್ರೆ ಸಾಕು. ಡೆಂಟಲ್ ಕಾಲೇಜುಗಳಲ್ಲಿ ಓಪಿಡಿ ಖರ್ಚೂ ಕಮ್ಮಿ. ಅಷ್ಟಿದ್ರೂ ಅಪ್ಪ ಎರಡು ತಿಂಗಳು ಲವಂಗ, ಸೀಬೆ ಎಲೆ ಕಷಾಯ ಅಂತ ತಳ್ಳಿದ್ರು, ಒಂದಿನ ನೋವು ತಾನಾಗೇ ನಿಂತಿತು, ವಾಸಿ ಆಯ್ತು ಅಂದ್ಕೊಂಡ್ರು. ಅದು ವಾಸಿ ಅಲ್ಲ, ಒಳಗಿನ ನರ ಸತ್ತಿತ್ತು. ಮೂರು ವಾರಕ್ಕೆ ದವಡೆ ಊದಿ ಕೀವು ತುಂಬಿ, ಆ ಹಲ್ಲು ಕೀಳಿಸಬೇಕಾಯ್ತು.

ಊತ ಬಂದಾಗ ಪಕ್ಕದ ಮನೆಯವರು ಬಿಸಿ ಶಾಖ ಕೊಡಿ ಅಂದಿದ್ರಂತೆ, ಬೇಡವೇ ಬೇಡ, ಐಸನ್ನ ಬಟ್ಟೇಲಿ ಸುತ್ತಿ ಕೆನ್ನೆ ಮೇಲೆ ಹೊರಗಿಂದ ಇಡಿ. ಆಸ್ಪಿರಿನ್ ಪುಡಿ ಮಾಡಿ ವಸಡಿಗೆ ಒತ್ತಿದ್ರೆ ವಸಡು ಸುಡುತ್ತೆ. ಹೊಗೆಸೊಪ್ಪು, ನಶ್ಯ ಇಡೋದಂತೂ ಇನ್ನೂ ಕೆಟ್ಟದ್ದು. ಲವಂಗದೆಣ್ಣೆಯೂ ಹತ್ತಿಗೆ ಒಂದೇ ಹನಿ, ಹೆಚ್ಚಾದ್ರೆ ಅದೂ ಸುಡುತ್ತೆ, ಚಿಕ್ಕ ಮಕ್ಕಳಿಗೆ ಬೇಡ. ಊತ ಕಣ್ಣಿನ ಹತ್ರ ಅಥವಾ ಗಂಟಲಿಗೆ ಇಳೀತಿದ್ರೆ, ನುಂಗೋಕೆ ಉಸಿರಾಡೋಕೆ ಕಷ್ಟ ಆದ್ರೆ ಬೆಳಗಾಗೋ ತನಕ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ.

ಮೊನ್ನೆ ಅಪ್ಪ ಫೋನಲ್ಲಿ ಇನ್ನೊಂದು ಕಡೆ ಹಲ್ಲು ಜುಂ ಅಂತಿದೆ ಅಂದ್ರು. "ಅಪ್ಪಾ, ಇವತ್ತು ರಾತ್ರಿ ಲವಂಗ ಇಟ್ಕೊಳ್ಳಿ, ಬೆಳಿಗ್ಗೆ ಕ್ಲಿನಿಕ್ ತೆಗೆದ ತಕ್ಷಣ ಹೋಗಿ" ಅಂದೆ. ಮಾರನೇ ದಿನ ಅವರೇ ಫೋನ್ ಮಾಡಿದ್ರು, ಸಣ್ಣ ತೂತಂತೆ, ಫಿಲ್ಲಿಂಗ್ ಮಾಡಿ ಕಳಿಸಿದ್ರಂತೆ.