ಬಿಲ್ಡ್ ಸ್ಕ್ರಿಪ್ಟಿಗೂ ಒಂದು ಸ್ವಂತ ಮನೆ ಬೇಕು

ಕೋಡಿನಿಂದ ಪ್ಯಾಕೇಜ್ ಕಟ್ಟುವ (ಬಿಲ್ಡ್ ಮಾಡುವ) ಒಂದೇ ಪೈಥಾನ್ ಸ್ಕ್ರಿಪ್ಟು, ಮೂರು ರೆಪೊ, ಅಂದರೆ ಕೋಡನ್ನು ಅದರ ಹಿಸ್ಟರಿ ಸಮೇತ ಇಡುವ ಜಾಗ. ಮೊದಲ ಪ್ರಾಜೆಕ್ಟಿನ ಟೂಲ್ಸ್ ಫೋಲ್ಡರಿನಲ್ಲಿ ಹುಟ್ಟಿದ್ದು. ಎರಡನೆಯದು ಶುರುವಾದಾಗ ಕಾಪಿ ಮಾಡಿಕೊಂಡೆವು, ಮೂರನೆಯದಕ್ಕೂ ಹಾಗೇ. ಒಂದು ದಿನ ಮೊದಲ ರೆಪೊದಲ್ಲಿ ಒಂದು ಬಗ್ ಸರಿ ಮಾಡಿದೆ. ಫೋಲ್ಡರಿನ ಫೈಲುಗಳನ್ನು ಸಾರ್ಟ್ ಮಾಡದೆ ಓದುತ್ತಿತ್ತು, ಹಾಗಾಗಿ ಒಂದೇ ಕೋಡಿನಿಂದ ಎರಡು ಮೆಷಿನ್ನಿನಲ್ಲಿ ಎರಡು ಥರದ ಔಟ್‌ಪುಟ್. ಸೇರಿಸಿದ್ದು ಒಂದೇ ಒಂದು ಸಾರ್ಟೆಡ್, ಅಂದರೆ ಹೆಸರುಗಳನ್ನು ಕ್ರಮವಾಗಿ ಜೋಡಿಸುವ ಫಂಕ್ಷನ್. ತಿಂಗಳುಗಳ ನಂತರ ಮೂರನೇ ರೆಪೊದಲ್ಲಿ ಅದೇ ಬಗ್ ಹಿಂದೆ ಎರಡು ದಿನ ಅಲೆದೆ. ನಾನೇ ಸರಿ ಮಾಡಿದ್ದ ಬಗ್!

ಆಗಲೇ ತೀರ್ಮಾನ ಮಾಡಿದೆ. ಎರಡನೇ ಪ್ರಾಜೆಕ್ಟು ಅದೇ ಸ್ಕ್ರಿಪ್ಟನ್ನು ಕೇಳಿದ ದಿನವೇ ಅದನ್ನು ಹೊರಗೆ ತೆಗೆದು, ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್‌ನಿಂದ ಇನ್‌ಸ್ಟಾಲ್ ಆಗುವ ಪ್ಯಾಕೇಜ್ ಮಾಡಬೇಕು.

ಹೊರಗೆ ತೆಗೆಯಲು ಕೂತಾಗಲೇ ಆ ಸ್ಕ್ರಿಪ್ಟು ಏನೇನು ನಂಬಿಕೊಂಡು ಬದುಕಿತ್ತು ಅಂತ ಗೊತ್ತಾಗಿದ್ದು. ತಾನಿರುವ ಫೈಲಿನಿಂದ ಎರಡು ಫೋಲ್ಡರ್ ಮೇಲೆ ಹೋದರೆ ಪ್ರಾಜೆಕ್ಟಿನ ರೂಟ್, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್, ಸಿಗುತ್ತದೆ ಅಂತ ಲೆಕ್ಕ ಹಾಕಿತ್ತು. ಪ್ಯಾಕೇಜ್ ಆದಮೇಲೆ ಆ ಫೈಲು ಇರುವುದು ಪಿಪ್ ಪ್ಯಾಕೇಜುಗಳನ್ನು ಹಾಕುವ ಸೈಟ್-ಪ್ಯಾಕೇಜಸ್ ಫೋಲ್ಡರಿನ ಒಳಗೆ. ಅಲ್ಲಿಂದ ಮೇಲೆ ಹತ್ತಿದರೆ ನಮ್ಮ ಪ್ರಾಜೆಕ್ಟ್ ಎಲ್ಲಿ ಸಿಗಬೇಕು? ಕೊನೆಗೆ ರೂಟ್ ಯಾವುದು ಅಂತ ಕರೆಯುವವರೇ ಹೇಳಬೇಕು ಅಂತ ಮಾಡಿದೆ. ಇದಕ್ಕೇ ಹೆಚ್ಚು ಸಮಯ ಹೋಯಿತು, ಜಾಸ್ತಿ ಲಾಭ ಆಗಿದ್ದೂ ಇದರಿಂದಲೇ. ಈಗ ಒಂದು ಖಾಲಿ ಫೋಲ್ಡರ್ ಕೊಟ್ಟು ಆ ಟೂಲನ್ನು ಟೆಸ್ಟ್ ಮಾಡಬಹುದು. ಮೊದಲು ಅದಕ್ಕೆ ಟೆಸ್ಟೇ ಇರಲಿಲ್ಲ.

ಇನ್ನೊಂದು ಪೆಟ್ಟು ಪ್ಯಾಕೇಜ್ ಕಟ್ಟುವ ಸೆಟಪ್ ಡಾಟ್ ಪೈ ಫೈಲಿನಲ್ಲಿ ಕಾದಿರುತ್ತದೆ. ಅದರೊಳಗೆ ಪಕ್ಕದ ಟೂಲ್ಸ್ ಫೋಲ್ಡರನ್ನು ಇಂಪೋರ್ಟ್ ಮಾಡಿದ್ದರೆ, ನೇರವಾಗಿ ಓಡಿಸಿದಾಗ ನಡೆಯುತ್ತದೆ. ಬಿಲ್ಡಿನ ಸೆಟ್ಟಿಂಗ್ ಇರುವ ಪೈಪ್ರಾಜೆಕ್ಟ್ ಡಾಟ್ ಟಾಮಲ್ ಫೈಲಿನಲ್ಲಿ ಸೆಟಪ್‌ಟೂಲ್ಸ್ ಅನ್ನುವ ಪ್ಯಾಕೇಜನ್ನು ಬ್ಯಾಕೆಂಡ್ (ನಿಜವಾಗಿ ಬಿಲ್ಡ್ ಮಾಡುವ ಟೂಲು) ಅಂತ ಬರೆದ ಮೇಲೆ ಅದೇ ಸಾಲಿಗೆ 'ಮಾಡ್ಯೂಲ್ ಸಿಗಲಿಲ್ಲ' ಅನ್ನುವ ಎರರ್. ಪ್ರಾಜೆಕ್ಟಿನ ರೂಟ್ ಆಗ ಪೈಥಾನ್ ಮಾಡ್ಯೂಲ್ ಹುಡುಕುವ ಇಂಪೋರ್ಟ್ ಪಾತ್‌ನಲ್ಲಿ ಇರುವುದಿಲ್ಲ. ಟೂಲು ಪ್ಯಾಕೇಜ್ ಆಗಿದ್ದರೆ ಆ ಟಾಮಲ್ ಫೈಲಿನ ರಿಕ್ವೈರ್ಸ್ ಪಟ್ಟಿಯಲ್ಲಿ (ಬಿಲ್ಡ್‌ಗೆ ಬೇಕಾದ ಪ್ಯಾಕೇಜುಗಳ ಪಟ್ಟಿ) ಒಂದು ಹೆಸರು ಸೇರಿಸಿದರೆ ಸಾಕು, ಪಿಪ್ ಬಿಲ್ಡ್‌ಗೆಂದೇ ಬೇರೆ ಎನ್ವಿರಾನ್ಮೆಂಟ್ ಮಾಡಿ ಅದರಲ್ಲಿ ಹಾಕಿಕೊಡುತ್ತದೆ. ಇರುವುದೇ ಒಂದು ಪ್ರಾಜೆಕ್ಟ್ ಅಂದರೆ ಇಷ್ಟೆಲ್ಲ ಬೇಡ. ಬ್ಯಾಕೆಂಡ್‌ಗಳ ನಿಯಮ ಹೇಳುವ ಪೈಥಾನ್ ದಾಖಲೆ ಪೆಪ್ 517ರಲ್ಲೇ ಬ್ಯಾಕೆಂಡ್-ಪಾತ್ ಅಂತ ಒಂದು ದಾರಿ ಇದೆ, ಟೂಲನ್ನು ರೆಪೊದ ಒಳಗೇ ಇಟ್ಟುಕೊಳ್ಳಬಹುದು.

ಕಳೆದುಕೊಳ್ಳುವುದೂ ಇದೆ, ಮುಚ್ಚಿಡುವುದಿಲ್ಲ. ಮೊದಲು ಕೋಡೂ ಟೂಲೂ ಒಂದೇ ಕಮಿಟ್‌ನಲ್ಲಿ (ಹಿಸ್ಟರಿಯಲ್ಲಿ ಉಳಿಸಿದ ಒಂದು ಬದಲಾವಣೆ) ಬದಲಾಗುತ್ತಿದ್ದವು. ಎರಡು ವರ್ಷ ಹಳೆಯ ಕಮಿಟ್‌ಗೆ ಹೋದರೂ ಅವತ್ತಿನ ಟೂಲು ಅಲ್ಲೇ ಇರುತ್ತಿತ್ತು. ಈಗ ಹಳೆಯ ಕಮಿಟ್ಟಿಗೆ ಇವತ್ತಿನ ಟೂಲು ಬಂದು ಕೂತರೆ ಬಗ್ ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕುವ ಗಿಟ್ ಬೈಸೆಕ್ಟ್ ನಡುವೆಯೇ ಬಿಲ್ಡ್ ಮುರಿಯಬಹುದು. ಹಾಗಾಗಿ ಟೂಲಿನ ವರ್ಷನ್ ಪಿನ್ ಮಾಡದೆ, ಅಂದರೆ ಇದೇ ವರ್ಷನ್ ಬೇಕು ಅಂತ ಗಟ್ಟಿ ಮಾಡದೆ, ಈ ಕೆಲಸಕ್ಕೆ ಕೈ ಹಾಕಬೇಡಿ. ಎರಡು ಕಡೆ ಎರಡು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಹಾಕಬೇಕಲ್ಲ ಅಂತ ಟೀಮಿನವರು ಬೇಸರ ಮಾಡಿಕೊಂಡರು. ಆ ಬೇಸರ ನ್ಯಾಯವಾದದ್ದೇ. ಟೂಲಿನ ಕೋಡು ತಿದ್ದಿದ್ದು ಕೂಡಲೇ ಕಾಣುವ ಎಡಿಟೆಬಲ್ ಇನ್‌ಸ್ಟಾಲ್ ಮಾಡಿಕೊಂಡರೆ ಎರಡನ್ನೂ ಒಟ್ಟಿಗೆ ತಿದ್ದಿ ನೋಡಬಹುದು, ಆದರೂ ರಿಲೀಸ್ ಎರಡು ಸಲ ಮಾಡಲೇಬೇಕು.

ಹೊಸ ಪ್ಯಾಕೇಜಿಗೆ ಡಿಪೆಂಡೆನ್ಸಿ, ಅಂದರೆ ಅದು ನೆಚ್ಚಿಕೊಳ್ಳುವ ಬೇರೆ ಪ್ಯಾಕೇಜು, ಆದಷ್ಟು ಕಡಿಮೆ ಇರಲಿ. ಫ್ಲಿಟ್-ಕೋರ್ ಅನ್ನುವ ಬ್ಯಾಕೆಂಡ್ ನೋಡಿ, ಬೇರೆ ಯಾವ ಪ್ಯಾಕೇಜೂ ಇಲ್ಲದೆ ತನ್ನನ್ನು ತಾನೇ ಬಿಲ್ಡ್ ಮಾಡಿಕೊಳ್ಳುತ್ತದೆ. ಬಿಲ್ಡ್ ಟೂಲನ್ನು ಹೊರಗೆ ತೆಗೆಯುವ ವಿಷಯದಲ್ಲಿ ಪೈಥಾನ್ ಭಾಷೆಯೂ ಇದೇ ದಾರಿಯಲ್ಲಿ ಬಂದಿದೆ ಅಲ್ವಾ? 2000ರಿಂದ ಭಾಷೆಯ ಜೊತೆಗೇ ಬರುತ್ತಿದ್ದ ಬಿಲ್ಡ್ ಟೂಲು ಡಿಸ್ಟ್‌ಯುಟಿಲ್ಸನ್ನು 2023ರಲ್ಲಿ, ಪೈಥಾನ್ 3.12ರಿಂದ ತೆಗೆದರು. ಅದರ ಕೋಡು ಈಗ ಸೆಟಪ್‌ಟೂಲ್ಸ್ ಒಳಗಿದೆ.

ಹೊರಗೆ ತೆಗೆಯುವಾಗ ಫೈಲುಗಳನ್ನು ಸುಮ್ನೆ ಕಾಪಿ ಮಾಡಬೇಡಿ. ಗಿಟ್ ಫಿಲ್ಟರ್-ರೆಪೊ ಅನ್ನುವ ಟೂಲಿನಿಂದ ಆ ಫೋಲ್ಡರನ್ನು ಅದರ ಹಿಸ್ಟರಿ ಸಮೇತ ಬೇರೆ ಮಾಡಬಹುದು. ಯಾವುದೋ ಕಾಲದಲ್ಲಿ ಸೇರಿದ ಆ ವಿಚಿತ್ರ ಇಫ್ ಸಾಲನ್ನು ಯಾರು, ಯಾಕೆ ಬರೆದರು ಅನ್ನುವುದು ಹೊಸ ರೆಪೊದಲ್ಲೂ ಸಿಗುತ್ತದೆ.